ಲೆಕ್ಕಕ್ಕುಂಟು, ಆಟಕ್ಕಿಲ್ಲ

9 ಮಿ.ಮೀ. ವ್ಯಾಸದ ಗುಂಡಿನ ಪಿಸ್ತೂಲಿಗೂ .45 ಇಂಚು ವ್ಯಾಸದ ಗುಂಡಿನ ಪಿಸ್ತೂಲಿಗೂ ಏನು ವ್ಯತ್ಯಾಸ? ಟೇಬಲ್‌ಟಾಪ್ ಆರ್‌ಪಿಜಿ, ಅಂದರೆ ಮೇಜಿನ ಸುತ್ತ ಕೂತು ಪಾತ್ರ ವಹಿಸಿ ದಾಳ ಎಸೆಯುವ ಆಟ, ಆಡುವವರಿಗೆ ಈ ಪ್ರಶ್ನೆ ಹಾಕಿದರೆ ಅವರು ಮೊದಲು ‘ಯಾವ ಪುಸ್ತಕದಲ್ಲಿ?’ ಎಂದು ಕೇಳಬೇಕು. 2002ರಲ್ಲಿ ಬಂದ ‘ಡಿ20 ಮಾಡರ್ನ್’ ಪ್ರಕಾರ ವ್ಯತ್ಯಾಸವೇ ಇಲ್ಲ, ಎರಡಕ್ಕೂ 2ಡಿ6 ಡ್ಯಾಮೇಜ್, ಅಂದರೆ ಆರು ಮುಖದ ಎರಡು ದಾಳ ಎಸೆದು ಬಂದ ಮೊತ್ತದಷ್ಟು ಹಾನಿ. ‘ಕಾಲ್ ಆಫ್ ಕ್ತುಲ್ಹು’ ಪ್ರಕಾರ ಮೊದಲನೆಯದಕ್ಕೆ 1ಡಿ10, ಎರಡನೆಯದಕ್ಕೆ 1ಡಿ10+2. ಗಮ್‌ಶೂ ವ್ಯವಸ್ಥೆಯ ಆಟಗಳಲ್ಲಿ ಆರು ಮುಖದ ಒಂದೇ ದಾಳ. ಸಣ್ಣ ಪಿಸ್ತೂಲಾದರೆ ಬಿದ್ದಷ್ಟೇ, ದೊಡ್ಡದಾದರೆ ಒಂದು ಹೆಚ್ಚು. ‘ಗರ್ಪ್ಸ್’ ಏನು ಹೇಳುತ್ತದೆ ಎಂದು ವಿವರಿಸಲು ಒಂದು ಪ್ಯಾರಾ ಬೇಕು, ಅದಕ್ಕೆ ಆಮೇಲೆ ಬರುತ್ತೇನೆ.

ಬಂದೂಕುಗಳ ಸೋರ್ಸ್‌ಬುಕ್‌ಗಳನ್ನು, ಅಂದರೆ ಇಂಥ ಆಟಗಳಿಗೆ ಬಂದೂಕಿನ ವಿವರ, ಅಂಕಿ ಒದಗಿಸುವ ಪುಸ್ತಕಗಳನ್ನು, ನಾನು ಆಡಿದ್ದಕ್ಕಿಂತ ಓದಿದ್ದೇ ಹೆಚ್ಚು. ನಿಜವಾದ ಬಂದೂಕಿನ ಮೇಲೆ ನನಗೆ ಅಂಥ ಮೋಹವೇನೂ ಇಲ್ಲ. ಮೋಹ ಇರುವುದು ಕೋಷ್ಟಕಗಳ ಮೇಲೆ. ಲೋಕದಲ್ಲಿರುವ ಒಂದು ವಸ್ತುವನ್ನು ಎಂಟು ಹತ್ತು ಅಂಕಿಗಳಿಗೆ ಇಳಿಸಬೇಕಾದಾಗ ಬರೆದವರು ಯಾವುದನ್ನು ಉಳಿಸಿಕೊಂಡರು, ಯಾವುದನ್ನು ಕೈಬಿಟ್ಟರು ಎಂದು ನೋಡುವುದೇ ಒಂದು ಸುಖ. ಹಾಗೆ ನೋಡುತ್ತಾ ನೋಡುತ್ತಾ ಇಂಥ ಪುಸ್ತಕಗಳನ್ನು ಅಳೆಯಲು ನನ್ನದೇ ಒಂದು ಅಳತೆ ಸಿಕ್ಕಿದೆ. ಯಾವ ಬಂದೂಕೂ ಸುಮ್ಮನೆ ಹುಟ್ಟಿದ್ದಲ್ಲ. ತೂಕ ಕಡಿಮೆ ಮಾಡಲು ಹೋಗಿ ಹೊಡೆತ ಬಿಟ್ಟುಕೊಟ್ಟಿರುತ್ತದೆ, ಬಚ್ಚಿಡಲು ಅನುಕೂಲವಾಗಲಿ ಎಂದು ಗುಂಡುಗಳ ಸಂಖ್ಯೆ ಬಿಟ್ಟುಕೊಟ್ಟಿರುತ್ತದೆ, ದೂರ ತಲುಪಲು ಹೋಗಿ ಭುಜಕ್ಕೆ ಒದೆತ ತಂದಿರುತ್ತದೆ. ಈ ರಾಜಿ ಪುಸ್ತಕದೊಳಗೆ ಬಂದ ಮೇಲೂ ಉಳಿದಿದೆಯೇ? ನನ್ನ ಅಳತೆ ಇಷ್ಟೇ.

ಮೊದಲು ಭೌತಶಾಸ್ತ್ರ. ಏಳೂವರೆ ಗ್ರಾಂ ತೂಕದ 9 ಮಿ.ಮೀ. ಗುಂಡು ಸೆಕೆಂಡಿಗೆ 360 ಮೀಟರ್ ವೇಗದಲ್ಲಿ ಹೊರಟರೆ ಅದರ ಚಲನಶಕ್ತಿ 490 ಜೂಲ್ ಆಸುಪಾಸು. 15 ಗ್ರಾಂ ತೂಗುವ .45 ಗುಂಡು 255 ಮೀಟರ್ ವೇಗದಲ್ಲಿ ನಿಧಾನವಾಗಿ ಹೊರಟರೂ ಲೆಕ್ಕ ಅಲ್ಲಿಗೇ ಬರುತ್ತದೆ. ಹಾಗಾಗಿ ಎರಡಕ್ಕೂ 2ಡಿ6 ಕೊಟ್ಟವರನ್ನು ಸೋಮಾರಿಗಳು ಎನ್ನಲಾಗದು. ಆದರೆ ಒಂದು ಗುಂಡು ಸಪೂರ, ವೇಗ ಹೆಚ್ಚು. ಇನ್ನೊಂದು ದಪ್ಪ, ನಿಧಾನ. ಶಕ್ತಿ ಸಮ, ಸ್ವಭಾವ ಬೇರೆ. ಡ್ಯಾಮೇಜ್ ಎಂಬ ಒಂದೇ ಅಂಕಣದಲ್ಲಿ ಈ ಸ್ವಭಾವ ಹೇಳಲು ಜಾಗವೇ ಇಲ್ಲ.

ಗರ್ಪ್ಸ್ ಹೇಳುವುದು ಹೀಗೆ. 9 ಮಿ.ಮೀ.ಗೆ 2ಡಿ+2 (ಇಲ್ಲಿ ಡಿ ಎಂದರೆ ಆರು ಮುಖದ ದಾಳವೇ), ಸಾಮಾನ್ಯ ಗುಂಡಿನ ಗಾಯ. .45ಕ್ಕೆ ಬರೀ 2ಡಿ, ಆದರೆ ದಪ್ಪ ಗುಂಡಿನ ಗಾಯ, ಅಂದರೆ ಮೈಗೆ ಹೊಕ್ಕ ಡ್ಯಾಮೇಜನ್ನು ಒಂದೂವರೆಯಿಂದ ಗುಣಿಸಬೇಕು. ಬರೀ ಮೈಗೆ ತಗುಲಿದರೆ ಸರಾಸರಿ 9 ಮತ್ತು 10.5; .45 ಮುಂದು. ಎದುರಾಳಿ ಆರು ಅಂಕದ ರಕ್ಷಣೆ ತೊಟ್ಟಿದ್ದಾನೆ ಎನ್ನಿ. ಆಗ 9 ಮಿ.ಮೀ.ನ ಸರಾಸರಿಯಲ್ಲಿ ಮೂರು ಒಳಹೋಗುತ್ತದೆ. .45ರ ಸರಾಸರಿ ಏಳರಲ್ಲಿ ಒಂದು ಒಳಹೋಗಿ ಒಂದೂವರೆಯಾಗುತ್ತದೆ. ಮೇಲುಗೈ ತಿರುಗಿಬಿತ್ತು. ಇದರ ಜೊತೆಗೆ ರಿಕಾಯಿಲ್, ಅಂದರೆ ಒದೆತದ ಅಂಕಣದಲ್ಲಿ 9 ಮಿ.ಮೀ.ಗೆ 2, .45ಕ್ಕೆ 3. ಒಂದೇ ಸೆಕೆಂಡಿನಲ್ಲಿ ಮೂರು ಗುಂಡು ಹಾರಿಸಿ, ಬೇಕಾದ್ದಕ್ಕಿಂತ ನಾಲ್ಕು ಅಂಕ ಚೆನ್ನಾಗಿ ಎಸೆದರೆ 9 ಮಿ.ಮೀ.ನ ಮೂರೂ ತಗಲುತ್ತವೆ, .45ರಲ್ಲಿ ಎರಡೇ. ಜೊತೆಗೆ .45ರ ಹಳೆಯ ಹುಲಿ ಎಂ1911ರ ಮ್ಯಾಗಜೀನಿನಲ್ಲಿ ಏಳು ಗುಂಡು, ಗ್ಲಾಕ್ 17ರಲ್ಲಿ ಹದಿನೇಳು. ಯಾವುದು ಒಳ್ಳೆಯದು ಎಂಬ ಪ್ರಶ್ನೆಗೆ ಉತ್ತರವೇ ಇಲ್ಲದ ಹಾಗಾಯಿತು. ನನಗೆ ಬೇಕಾದದ್ದು ಅದೇ. ಆಟಗಾರರು ವಾದ ಮಾಡಿ ಆರಿಸಿಕೊಳ್ಳಲಿ.

ನಾನು ಇಲ್ಲಿ ಮುಖ್ಯವಾಗಿ ಹೇಳುತ್ತಿರುವ ಪುಸ್ತಕ ‘ಗರ್ಪ್ಸ್ ಹೈ-ಟೆಕ್’ನ 2007ರ ನಾಲ್ಕನೇ ಆವೃತ್ತಿ. ಶಾನ್ ಫಿಶರ್, ಮೈಕೆಲ್ ಹರ್ಸ್ಟ್, ಹಾನ್ಸ್-ಕ್ರಿಸ್ಟಿಯನ್ ಫೋರ್ಟಿಶ್ ಬರೆದದ್ದು. ಬಂದೂಕು ಅದರ ಒಂದು ಭಾಗ ಮಾತ್ರ. ಉಳಿದದ್ದೆಲ್ಲ ದೂರದರ್ಶಕ, ಟಾರ್ಚು, ಔಷಧ, ಬೀಗ ಒಡೆಯುವ ಸಾಮಾನು. 1730ರಿಂದ ಈಚೆಗಿನ ಎಲ್ಲವನ್ನೂ ಒಂದೇ ಹೊದಿಕೆಯೊಳಗೆ ತುರುಕಿದ್ದಾರೆ. ಆದರೆ ಬಂದೂಕಿನ ಕೋಷ್ಟಕಗಳಲ್ಲಿ ಡ್ಯಾಮೇಜ್, ನಿಖರತೆ, ದೂರ, ತೂಕ, ಹಾರಿಸುವ ವೇಗ, ಗುಂಡುಗಳ ಸಂಖ್ಯೆ, ಬೇಕಾದ ಕೈಬಲ, ಬಲ್ಕ್, ರಿಕಾಯಿಲ್, ಬೆಲೆ, ಕಾನೂನಿನ ದರ್ಜೆ ಎಲ್ಲವೂ ಇವೆ. ಮೊದಲ ಸಲ ನೋಡಿದವರಿಗೆ ಇದು ಅತಿಯಾಯಿತು ಅನಿಸುತ್ತದೆ. ಆಡುವಾಗ ಬಹುತೇಕ ಅಂಕಣಗಳು ಒಂದೊಂದು ಸಲವಾದರೂ ಕೆಲಸಕ್ಕೆ ಬರುತ್ತವೆ ಎಂಬುದು ಇದರ ಹೆಚ್ಚುಗಾರಿಕೆ. ಬಲ್ಕ್ ಎಂಬ ಒಂದೇ ಋಣ ಅಂಕಿಯನ್ನು ನೋಡಿ. ಅಂಗಿಯೊಳಗೆ ಬಚ್ಚಿಡುವಾಗಲೂ ಅದೇ ಅಡ್ಡಿ, ಓಡುತ್ತಾ ಹೊಡೆಯುವಾಗಲೂ ಅದೇ ಅಡ್ಡಿ. ಪಿಸ್ತೂಲಿಗೆ -2, ಉದ್ದ ರೈಫಲ್ಲಿಗೆ -5 ಅಥವಾ -6. ಇಷ್ಟು ಸಣ್ಣ ಅಂಕಿಯಲ್ಲಿ ಇಷ್ಟೊಂದು ಕೆಲಸ ಮಾಡಿಸಿಕೊಂಡವರಿಗೆ ಟೊಪ್ಪಿ ತೆಗೆಯಲೇಬೇಕು.

ಇನ್ನು ಇದಕ್ಕೂ ಆಚೆಯ ತುದಿಗೆ. ಲೆಕ್ಕಾಚಾರವನ್ನೇ ಆಟ ಮಾಡಿದವರು ಗರ್ಪ್ಸ್‌ನವರಿಗಿಂತ ಬಹಳ ಮುಂದೆ ಹೋಗಿದ್ದರು. ಲೀಡಿಂಗ್ ಎಡ್ಜ್ ಗೇಮ್ಸ್‌ನ ‘ಫೀನಿಕ್ಸ್ ಕಮಾಂಡ್’, 1986ರದ್ದು, ಬ್ಯಾರಿ ನಕಝೋನೋ ರಚನೆ. ಅದರಲ್ಲಿ ಒಂದು ಸುತ್ತು ಎಂದರೆ ಎರಡು ಸೆಕೆಂಡು; ಅದನ್ನು ಮತ್ತೆ ಅರ್ಧರ್ಧ ಸೆಕೆಂಡಿನ ನಾಲ್ಕು ಚೂರು ಮಾಡಿದ್ದಾರೆ. ಗುಂಡು ಎಲ್ಲಿ ತಗುಲಿತು, ಏನನ್ನು ಸೀಳಿಕೊಂಡು ಹೋಯಿತು, ಎಷ್ಟು ಹೊತ್ತಿನೊಳಗೆ ಚಿಕಿತ್ಸೆ ಸಿಕ್ಕಿದರೆ ಬದುಕುತ್ತಾನೆ ಎಂಬುದಕ್ಕೆಲ್ಲ ಕೋಷ್ಟಕ. ಓದಲು ಬೆರಗಾಗುತ್ತದೆ. ಆಡಲು ಕೂತರೆ ನಾಲ್ಕು ಜನರ ಒಂದು ಗುಂಡಿನ ಚಕಮಕಿಗೇ ಸಂಜೆ ಕಳೆದುಹೋಗುತ್ತದೆ. ಹೊಡೆದಾಟ ನಡೆದದ್ದು ಹತ್ತು ಸೆಕೆಂಡು ಮಾತ್ರ! ಹಾಗಿದ್ದರೂ ಅದರಿಂದ ಕಲಿಯುವುದಿದೆ. ಗುಂಡೇಟು ಎಂದರೆ ಅಂಕ ಕಳೆಯುವುದಲ್ಲ, ಯಾವ ಅಂಗಕ್ಕೆ ಏನಾಯಿತು ಎಂಬ ಪ್ರಶ್ನೆ ಎಂದು ಅಷ್ಟು ನಿಷ್ಠುರವಾಗಿ ಹೇಳಿದ ಆಟ ಅದಕ್ಕೂ ಮುಂಚೆ ಇದ್ದದ್ದು ನನ್ನ ಗಮನಕ್ಕೆ ಬಂದಿಲ್ಲ.

ಇದೇ ಕುಲದ ಇನ್ನೊಂದು, ಗ್ರೆಗ್ ಪೋರ್ಟರ್ ಬರೆದ ‘ಗನ್ಸ್! ಗನ್ಸ್! ಗನ್ಸ್!’. ಇದು ಬಂದೂಕುಗಳ ಪಟ್ಟಿಯಲ್ಲ, ಬಂದೂಕು ಕಟ್ಟುವ ಕೈಪಿಡಿ. ಗುಂಡಿನ ಶಕ್ತಿ ಮತ್ತು ವ್ಯಾಸದಿಂದ ಲೆಕ್ಕ ಶುರುಮಾಡಿ, ಬಂದ ಉತ್ತರವನ್ನು ಹಲವು ಆಟಗಳ ಅಂಕಿಗಳಿಗೆ ಬದಲಾಯಿಸಿಕೊಳ್ಳಬಹುದು. ಕ್ಯಾಲ್ಕ್ಯುಲೇಟರ್ ಹಿಡಿದು ಕೂರುವ ಮನಸ್ಸಿದ್ದವರಿಗೆ ಹಬ್ಬ. ಆಟದ ವ್ಯವಸ್ಥೆ ಬದಲಾದಾಗ ಒಂದೇ ಬಂದೂಕಿನ ಅಂಕಿ ಹೇಗೆ ಕುಗ್ಗುತ್ತದೆ, ಹಿಗ್ಗುತ್ತದೆ ಎಂಬುದು ಇದರಲ್ಲಿ ಕಣ್ಣಿಗೆ ಕಟ್ಟುತ್ತದೆ. ಆರು ಮುಖದ ಒಂದೇ ದಾಳದಲ್ಲಿ ಡ್ಯಾಮೇಜ್ ಹೇಳುವ ಆಟಕ್ಕೆ ನೂರು ಬಂದೂಕಿನ ಪುಸ್ತಕ ಬರೆದರೆ ತೊಂಬತ್ತು ಒಂದೇ ಅಂಕಿಯ ಮೇಲೆ ಬಂದು ನಿಲ್ಲುತ್ತವೆ.

ಅಲ್ಲಿಗೆ ಬಂತು ನೋಡಿ ಕ್ಯಾಟಲಾಗುಗಳ ಕಥೆ.

ಎಂಬತ್ತು ತೊಂಬತ್ತರ ದಶಕದಲ್ಲಿ ಬಂದೂಕಿನ ಸೋರ್ಸ್‌ಬುಕ್ ಎಂದರೆ ಕ್ಯಾಟಲಾಗೇ. ಜಿಡಿಡಬ್ಲ್ಯು ಪ್ರಕಾಶನದ ‘ಇನ್‌ಫಂಟ್ರಿ ವೆಪನ್ಸ್ ಆಫ್ ದಿ ವರ್ಲ್ಡ್’, ಕೆವಿನ್ ಡಾಕರಿಯ ‘ಕಂಪೆಂಡಿಯಂ ಆಫ್ ಮಾಡರ್ನ್ ಫೈರ್‌ಆರ್ಮ್ಸ್’, ಎರಡೂ 1991ರವು. ಡಾಕರಿ ಸಾಮಾನ್ಯನಲ್ಲ, 1980ರ ‘ಮಾರೋ ಪ್ರಾಜೆಕ್ಟ್’ ಕಟ್ಟಿದ ಮೂವರಲ್ಲಿ ಒಬ್ಬ. ಅಂತರ್ಜಾಲವಿಲ್ಲದ ಕಾಲದಲ್ಲಿ ಇವು ಆಟಕ್ಕಿಂತ ಹೆಚ್ಚಾಗಿ ಆಕರಗ್ರಂಥಗಳು. ಯಾವ ದೇಶದ ಸೈನ್ಯದ ಕೈಯಲ್ಲಿ ಯಾವ ಬಂದೂಕಿದೆ, ಅದು ನೋಡಲು ಹೇಗಿದೆ ಎಂದು ತಿಳಿಯಲು ಆಟ ನಡೆಸುವ ಗೇಮ್ ಮಾಸ್ಟರ್‌ಗೆ ಬೇರೆ ದಾರಿ ಕಡಿಮೆಯಿತ್ತು. ಆ ಉಪಕಾರವನ್ನು ಮರೆಯಬಾರದು. ಈಗ ಚಿತ್ರವೂ ತೂಕವೂ ಬೆರಳ ತುದಿಯಲ್ಲಿ ಸಿಗುತ್ತವೆ. ಅವನ್ನು ತೆಗೆದುಹಾಕಿದ ಮೇಲೆ ಕ್ಯಾಟಲಾಗಿನಲ್ಲಿ ಉಳಿಯುವುದು ಅಂಕಿಗಳ ಸಾಲು. ಆ ಸಾಲಿನಲ್ಲಿ 5.56 ಮಿ.ಮೀ. ರೈಫಲ್ಲುಗಳು ಹತ್ತಿಪ್ಪತ್ತಿದ್ದು, ಎಲ್ಲಕ್ಕೂ ಒಂದೇ ಡ್ಯಾಮೇಜ್, ಒಂದೇ ಮ್ಯಾಗಜೀನ್, ದೂರದಲ್ಲಿ ಕೂದಲೆಳೆಯ ಅಂತರ. ಮಕ್ಕಳ ಆಟದಲ್ಲಿ ತೀರಾ ಚಿಕ್ಕವನನ್ನು ‘ಆಟಕ್ಕುಂಟು, ಲೆಕ್ಕಕ್ಕಿಲ್ಲ’ ಎಂದು ಸೇರಿಸಿಕೊಳ್ಳುತ್ತಾರಲ್ಲ, ಈ ಬಂದೂಕುಗಳು ಅದರ ತಿರುವುಮುರುವು. ಪುಟದ ಲೆಕ್ಕಕ್ಕುಂಟು, ಆಟಕ್ಕಿಲ್ಲ.

ಡಿ20 ಮಾಡರ್ನ್ ಬಗ್ಗೆ ನನ್ನ ತಕರಾರೂ ಇಲ್ಲೇ ಶುರುವಾಗುತ್ತದೆ. ಅದನ್ನು ಕಟ್ಟಿದವರಲ್ಲಿ ಚಾರ್ಲ್ಸ್ ರಯಾನ್ ಒಬ್ಬರು. ಇದೇ ರಯಾನ್ 1991ರಲ್ಲಿ ‘ಮಿಲೆನಿಯಮ್ಸ್ ಎಂಡ್’ ಮಾಡಿದ್ದರು. ಅದರಲ್ಲಿ ಗುರಿಯ ಆಕೃತಿಯ ಮೇಲೆ ಪಾರದರ್ಶಕ ಹಾಳೆಯೊಂದನ್ನು ಇಟ್ಟು, ದಾಳ ಎಷ್ಟು ತಪ್ಪಿಸಿತೋ ಅದಕ್ಕೆ ತಕ್ಕಂತೆ ಗುಂಡು ಎಲ್ಲಿ ಬಿತ್ತೆಂದು ನೋಡುತ್ತಿದ್ದರು. ಗೋಡೆಯ ಮರೆಯಲ್ಲಿ ಅರ್ಧ ದೇಹ ಅಡಗಿಸಿದ್ದರೆ ಗುಂಡು ಆ ಗೋಡೆಗೇ ಬಡಿಯುತ್ತಿತ್ತು, ಅದಕ್ಕೆ ಬೇರೆ ನಿಯಮ ಬೇಕಾಗಿರಲಿಲ್ಲ. ಅಷ್ಟು ಸೊಗಸಾದ ಉಪಾಯ ಹೂಡಿದ ಕೈ ಹನ್ನೊಂದು ವರ್ಷಗಳ ಮೇಲೆ ಪಿಸ್ತೂಲುಗಳ ಉದ್ದನೆಯ ಸಾಲಿಗೆಲ್ಲ 2ಡಿ6 ಬರೆಯಬೇಕಾಯಿತು. ತಪ್ಪು ಅವರದಲ್ಲ. ಪಾತ್ರದ ಮಟ್ಟ ಏರಿದಂತೆ ಹಿಟ್ ಪಾಯಿಂಟ್, ಅಂದರೆ ಅದು ತಾಳಬಲ್ಲ ಏಟಿನ ಅಂಕ, ಏರುವ ಚೌಕಟ್ಟು ಮೊದಲೇ ನಿಗದಿಯಾಗಿತ್ತು. ಬಂದೂಕಿನ ಭಯ ಉಳಿಯಲಿ ಎಂದು ಅವರು ‘ಮ್ಯಾಸಿವ್ ಡ್ಯಾಮೇಜ್’ ನಿಯಮ ತಂದರು. ಒಂದೇ ಏಟು ನಿಮ್ಮ ಕಾನ್‌ಸ್ಟಿಟ್ಯೂಶನ್ (ಮೈಗಟ್ಟು) ಅಂಕವನ್ನು ಮೀರಿದರೆ ದಾಳ ಎಸೆದು ಉಳಿಯಬೇಕು, ಸೋತರೆ ನೆಲಕ್ಕೆ. ಉಪಾಯ ಒಳ್ಳೆಯದೇ. ಆದರೆ 2ಡಿ6ರ ಗರಿಷ್ಠ ಹನ್ನೆರಡು. ಕಾನ್‌ಸ್ಟಿಟ್ಯೂಶನ್ ಹದಿಮೂರಿದ್ದವನಿಗೆ ಸಾದಾ ಪಿಸ್ತೂಲಿನ ಸಾದಾ ಏಟು ಆ ಗೆರೆ ಮುಟ್ಟುವುದೇ ಇಲ್ಲ. ಹಣೆಗೆ ಪಿಸ್ತೂಲು ಹಿಡಿದು ‘ಅಲುಗಬೇಡ’ ಎಂದರೆ ಆಟಗಾರ ಮೊದಲು ತನ್ನ ಹಾಳೆ ನೋಡಿಕೊಳ್ಳುತ್ತಾನೆ, ಆಮೇಲೆ ನಗುತ್ತಾನೆ.

ನಾನು ಹೇಳಿದ ರಾಜಿ ಎಲ್ಲಕ್ಕಿಂತ ಚೆನ್ನಾಗಿ ಕಾಣುವುದು, ಮತ್ತು ಎಲ್ಲಕ್ಕಿಂತ ಹೆಚ್ಚು ಪುಸ್ತಕಗಳಲ್ಲಿ ಕಾಣೆಯಾಗುವುದು, ರೈಫಲ್ಲುಗಳಲ್ಲಿ. ಯಾವ ಕೋಷ್ಟಕ ತೆರೆದರೂ 7.62 ನೇಟೊ ಗುಂಡಿನ ರೈಫಲ್ 5.56ಕ್ಕಿಂತ ಮೇಲೆ. ಡಿ20ಯಲ್ಲಿ 2ಡಿ10ಕ್ಕೆ 2ಡಿ8. ಗರ್ಪ್ಸ್‌ನಲ್ಲಿ 7ಡಿಗೆ 5ಡಿ. ಹಾಗಿದ್ದರೆ ಎಂ14 ಹಿಡಿದಿದ್ದ ಅಮೆರಿಕದ ಸೈನ್ಯ ಅರವತ್ತರ ದಶಕದಲ್ಲಿ ಅದನ್ನು ಬಿಟ್ಟು ಎಂ16ಕ್ಕೆ ಯಾಕೆ ಹೋಯಿತು? ಕೋಷ್ಟಕ ಓದಿ ಬೆಳೆದ ಆಟಗಾರನಿಗೆ ಅದು ಹುಚ್ಚಾಟದಂತೆ ಕಾಣುತ್ತದೆ. ಕಾರಣ ಡ್ಯಾಮೇಜ್ ಅಂಕಣದ ಹೊರಗಿದೆ. 5.56ರ ಒಂದು ಕಾಡತೂಸು ಸುಮಾರು 12 ಗ್ರಾಂ, 7.62ರದ್ದು ಸುಮಾರು 24. ಬೆನ್ನ ಮೇಲೆ ಹೊರುವ ಅದೇ ತೂಕಕ್ಕೆ ಎರಡರಷ್ಟು ಗುಂಡು ಸಿಗುತ್ತದೆ. ಒದೆತ ಕಡಿಮೆಯಾದ್ದರಿಂದ ಸತತ ಗುಂಡು ಹಾರಿಸುವಾಗ ನಳಿಕೆ ಆಕಾಶ ನೋಡುವುದಿಲ್ಲ. ಎಂ14ನ್ನು ಆಟೊಮ್ಯಾಟಿಕ್ಕಿನಲ್ಲಿ ಹಿಡಿದಿಡುವುದು ಸಾಮಾನ್ಯ ಸೈನಿಕನಿಗೆ ಆಗದ ಕೆಲಸವಾಗಿತ್ತು. ಹೊಸಬನಿಗೆ ಕಲಿಸುವುದೂ ಸುಲಭ.

ಈಗ ಪುಸ್ತಕಕ್ಕೆ ಬನ್ನಿ. ಕಾಡತೂಸಿನ ತೂಕ ಬರೆದಿಲ್ಲ ಎನ್ನಿ. ಒದೆತಕ್ಕೆ ಅಂಕಿಯಿಲ್ಲ. ಗುಂಡು ಎಣಿಸುವುದು ಬೇಸರ ಎಂದು ಗೇಮ್ ಮಾಸ್ಟರ್ ಕೂಡ ಬಿಟ್ಟುಬಿಟ್ಟಿದ್ದಾರೆ. ಆಗ ಮೇಜಿನ ಸುತ್ತ ಕೂತ ಎಲ್ಲರೂ 7.62 ಹಿಡಿಯುತ್ತಾರೆ. ಹಿಡಿಯದವನು ಲೆಕ್ಕ ಬಾರದವನು. ಅರ್ಧ ಶತಮಾನದ ಸೈನ್ಯಗಳ ಒಂದು ದೊಡ್ಡ ತೀರ್ಮಾನ ಏಣಿಯ ಮೇಲಿನ ಮೆಟ್ಟಿಲು, ಕೆಳಗಿನ ಮೆಟ್ಟಿಲು ಎಂಬಷ್ಟಕ್ಕೆ ಇಳಿದುಹೋಯಿತು. ಲೇಖಕರು ಪಕ್ಕದ ಪ್ಯಾರಾದಲ್ಲಿ ಎಷ್ಟೇ ಇತಿಹಾಸ ಬರೆದಿರಲಿ, ದಾಳಕ್ಕೆ ಓದಲು ಬರುವುದಿಲ್ಲ.

ಇದಕ್ಕೆ ಮದ್ದು ಕಂಡುಕೊಂಡವರಿದ್ದಾರೆ, ಬೇರೆ ಬೇರೆ ದಾರಿಯಲ್ಲಿ. 2021ರಲ್ಲಿ ಫ್ರೀ ಲೀಗ್ ಹೊರತಂದ ‘ಟ್ವೈಲೈಟ್: 2000’ರ ನಾಲ್ಕನೇ ಆವೃತ್ತಿ ನೋಡಿ. ಮೂಲ ಆಟ 1984ರದ್ದು. ಮೂರನೇ ಮಹಾಯುದ್ಧ ನಡೆದು, ಸೈನ್ಯ ಚೂರಾಗಿ, ನಡುನೀರಲ್ಲಿ ಸಿಕ್ಕಿಬಿದ್ದ ಸೈನಿಕರ ಕಥೆ. ಸರಬರಾಜು ನಿಂತುಹೋಗಿದೆ. ಅಂಥ ಕಡೆ ಗುಂಡಿನ ಲೆಕ್ಕವೇ ಕಥೆಯ ಜೀವ. ಹೊಸ ಆವೃತ್ತಿಯಲ್ಲಿ ಹೊಡೆಯುವಾಗ ಹೆಚ್ಚುವರಿಯಾಗಿ ಅಮ್ಯುನಿಷನ್ ದಾಳಗಳನ್ನು ಎಸೆಯಬಹುದು. ಆರು ಬಿದ್ದರೆ ಲಾಭ. ಆದರೆ ಆ ದಾಳಗಳ ಮೊತ್ತ ಎಷ್ಟೋ ಅಷ್ಟು ಗುಂಡು ಖರ್ಚಾಯಿತು. ದಾಳ ಕೈಯಿಂದ ಬಿಡುವ ಮುಂಚೆ ಆಟಗಾರನ ಮುಖದಲ್ಲಿ ಜಿಪುಣತನ ಕಾಣಿಸುತ್ತದಲ್ಲ, ಅದನ್ನು ನೋಡಲೆಂದೇ ಆ ಆಟ ಆಡಿಸಬೇಕು. ಬಂದೂಕಿನ ವಿಶ್ವಾಸಾರ್ಹತೆಯೂ ಅಲ್ಲಿ ಹುಟ್ಟುಗುಣವಲ್ಲ, ಬಳಸುತ್ತಾ ಸವೆಯುವ ಅಂಕಿ. ಎಸೆತ ಕೆಟ್ಟರೆ ಇಳಿಯುತ್ತದೆ, ದುರಸ್ತಿ ಮಾಡದಿದ್ದರೆ ಒಂದು ದಿನ ಕೈಕೊಡುತ್ತದೆ.

ಇದನ್ನು ಒತ್ತಿ ಹೇಳುವುದಕ್ಕೆ ಕಾರಣವಿದೆ. ‘ಎಂ16 ಜಾಮ್ ಆಗುತ್ತದೆ, ಎಕೆ ಆಗುವುದಿಲ್ಲ’ ಎಂಬುದು ಆಟದ ಪುಸ್ತಕಗಳ ಸನಾತನ ನಂಬಿಕೆ. ವಿಯೆಟ್ನಾಮಿನಲ್ಲಿ ಮೊದಮೊದಲು ಎಂ16 ಕೈಕೊಟ್ಟದ್ದು ನಿಜ. ಕಾಡತೂಸಿನ ಮದ್ದು ಬದಲಾಗಿತ್ತು, ಗುಂಡು ಕೂರುವ ಕೋಣೆಗೆ ಕ್ರೋಮಿಯಂ ಲೇಪ ಇರಲಿಲ್ಲ, ಬಂದೂಕು ಶುಚಿ ಮಾಡುವ ಸಾಮಗ್ರಿಯೇ ಸೈನಿಕರ ಕೈಗೆ ಸಾಕಷ್ಟು ಮುಟ್ಟಿರಲಿಲ್ಲ. ಇವನ್ನೆಲ್ಲ ಆಮೇಲೆ ಸರಿಪಡಿಸಿದರು. ಅಂದರೆ ಅದು ಒಂದು ಕಾಲದ, ಒಂದು ಸರಬರಾಜಿನ ಕಥೆ. ಅದನ್ನು ಬಂದೂಕಿನ ಜಾತಕದಲ್ಲಿ ಬರೆದಿಟ್ಟು, ಇವತ್ತಿನ ಕಾಲದ ಆಟದಲ್ಲೂ ಅದೇ ಶಾಪ ಹೊರಿಸುವುದು ಸರಿಯೇ? ಸವೆಯುವ ಅಂಕಿಗೆ ಈ ಅನ್ಯಾಯ ತಗಲುವುದಿಲ್ಲ.

ತೀರಾ ಬೇರೆ ದಾರಿ ಹಿಡಿದದ್ದು ವಿಕ್ಟರಿ ಗೇಮ್ಸ್‌ನ ಜೇಮ್ಸ್ ಬಾಂಡ್ ಆಟ ಮತ್ತು ಅದರ ‘ಕ್ಯೂ ಮ್ಯಾನ್ಯುಅಲ್’, 1983. ನನ್ನ ಅಳತೆಯಲ್ಲಿ ಇದು ಇವತ್ತಿಗೂ ಮೊದಲ ಸಾಲಿನ ಪುಸ್ತಕ. ಬಾಂಡ್ ಹಿಡಿಯುವುದು ವಾಲ್ಥರ್ ಪಿಪಿಕೆ: ಸಣ್ಣ .32 ಗುಂಡು, ಮ್ಯಾಗಜೀನಿನಲ್ಲಿ ಏಳು. ಡ್ಯಾಮೇಜ್ ನೋಡಿ ಕೊಳ್ಳುವವರು ಅದನ್ನು ಮುಟ್ಟುವುದಿಲ್ಲ. ಕ್ಯೂ ಮ್ಯಾನ್ಯುಅಲ್ ಕೋಷ್ಟಕದಲ್ಲಿ ಡ್ಯಾಮೇಜಿನ ಜೊತೆಗೆ ಬಚ್ಚಿಡುವ ಅಂಕಿ ಇದೆ, ಒರೆಯಿಂದ ಸರಕ್ಕನೆ ತೆಗೆಯುವ ಅಂಕಿ ಇದೆ, ಜಾಮ್ ಆಗುವ ಅಂಕಿಯೂ ಇದೆ. ಸೂಟು ತೊಟ್ಟು ಔತಣಕೂಟಕ್ಕೆ ಹೋಗಬೇಕಾದ ಗೂಢಚಾರನಿಗೆ ಇದಕ್ಕಿಂತ ಬೇರೆ ಅಂಕಣ ಯಾಕೆ? ಆಟಗಾರರು ತಾವಾಗಿಯೇ, ಯಾರೂ ಹೇಳದೆ, ಪಿಪಿಕೆ ಆರಿಸುತ್ತಾರೆ. ಪುಸ್ತಕ ತನ್ನ ಲೋಕಕ್ಕೆ ಏನು ಬೇಕೆಂದು ತಿಳಿದುಕೊಂಡಿತ್ತು, ಅಷ್ಟನ್ನೇ ಅಳೆಯಿತು.

ಅದೇ ತಿಳಿವಳಿಕೆ, ತಲೆಕೆಳಗಾಗಿ, ರಾಬಿನ್ ಲಾಸ್ 1996ರಲ್ಲಿ ಮಾಡಿದ ‘ಫೆಂಗ್ ಶುಯಿ’ಯಲ್ಲಿದೆ. ಅದು ಹಾಂಗ್‌ಕಾಂಗ್ ಆ್ಯಕ್ಷನ್ ಸಿನಿಮಾಗಳ ಆಟ. ಪಂಪ್ ಶಾಟ್‌ಗನ್ ಹಿಡಿದವನು ಹೊಡೆಯುವ ಮುಂಚೆ ಚೂರು ಸಮಯ ಖರ್ಚು ಮಾಡಿ ಅದನ್ನು ‘ಕ-ಚಿಂಕ್’ ಎಂದು ಎಳೆದರೆ ಡ್ಯಾಮೇಜ್ ಒಂದು ಹೆಚ್ಚು. ಭೌತಶಾಸ್ತ್ರದಲ್ಲಿ ಇದಕ್ಕೆ ಆಧಾರ ಹುಡುಕಬೇಡಿ. ಸಿನಿಮಾದಲ್ಲಿ ಹುಡುಕಿ. ಆ ಒಂದು ಸಾಲಿನ ನಿಯಮ ಇನ್ನೂರು ಪುಟದ ಕ್ಯಾಟಲಾಗಿಗಿಂತ ಹೆಚ್ಚು ಸಲ ಮೇಜಿನ ಸುತ್ತ ನಗು ತರಿಸಿರುತ್ತದೆ, ಪಂಥ ಕಟ್ಟಲು ನಾನು ಸಿದ್ಧ.

ಡೆಲ್ಟಾ ಗ್ರೀನ್ ಮಾತು ಬೇರೆ. 2016ರ ಸುಮಾರಿಗೆ ಸ್ವತಂತ್ರ ಆಟವಾಗಿ ಬಂದ ಈ ಭಯಾನಕ ಕಥೆಗಳ ಆಟದಲ್ಲಿ ಬಂದೂಕುಗಳು ಹೆಸರಿನಿಂದಲ್ಲ, ವರ್ಗದಿಂದ: ಹಗುರ ಪಿಸ್ತೂಲು 1ಡಿ8, ಮಧ್ಯಮ 1ಡಿ10, ಭಾರಿ 1ಡಿ12. ದೊಡ್ಡ ಆಯುಧಗಳಿಗೆ ‘ಲೀಥ್ಯಾಲಿಟಿ’ ಎಂಬ ಶೇಕಡಾವಾರು. ಲೀಥ್ಯಾಲಿಟಿ 20 ಎಂದಿದ್ದರೆ ನೂರರ ದಾಳ ಎಸೆಯಿರಿ. 20 ಅಥವಾ ಕಡಿಮೆ ಬಿದ್ದರೆ ಎದುರಿನ ಮನುಷ್ಯ ಸತ್ತ, ಮಾತು ಮುಗಿಯಿತು. 34 ಬಿದ್ದರೆ ಮೂರಕ್ಕೆ ನಾಲ್ಕು ಕೂಡಿಸಿ ಏಳು ಡ್ಯಾಮೇಜ್. ಒಂದೇ ಎಸೆತ, ಎರಡು ಉತ್ತರ. ಫೀನಿಕ್ಸ್ ಕಮಾಂಡ್ ಹತ್ತು ಕೋಷ್ಟಕ ದಾಟಿ ತಲುಪುವ ಜಾಗಕ್ಕೆ ಇದು ಒಂದು ಉಸಿರಿನಲ್ಲಿ ಹೋಗುತ್ತದೆ. ಮುಂದಿನದು ಇನ್ನೂ ಮುಖ್ಯ. ಕೊಂದವನ ಮನಸ್ಸಿಗೆ ಏನಾಯಿತು ಎಂಬುದಕ್ಕೂ ಅಲ್ಲಿ ಅಂಕಿಯಿದೆ. ಹಿಂಸೆ ಮಾಡಿದರೆ ಸ್ಯಾನಿಟಿ (ಮನಸ್ಸಿನ ಸ್ಥಿಮಿತದ ಅಂಕ) ಇಳಿಯುತ್ತದೆ, ಮಾಡಿ ಮಾಡಿ ರೂಢಿಯಾದರೆ ಅದಕ್ಕೂ ಒಂದು ಬೆಲೆ. ಬಂದೂಕಿನ ಪುಸ್ತಕಗಳಲ್ಲಿ ಬಹುತೇಕ ಒಂದು ಮಾರಾಟಗಾರನ ದನಿ ಇರುತ್ತದೆ: ಹೊಳೆಯುವ ಲೋಹ, ನಿಖರತೆ, ‘ವಿಶೇಷ ಪಡೆಗಳ ಮೆಚ್ಚಿನ ಆಯ್ಕೆ’. ಗುಂಡು ತಗುಲಿದವನು ಆ ಪುಟಗಳಲ್ಲಿ ಎಲ್ಲೂ ಇರುವುದಿಲ್ಲ. ಆ ದನಿ ಜಾಸ್ತಿಯಾದ ಪುಸ್ತಕವನ್ನು ನಾನು ಅರ್ಧಕ್ಕೇ ಮುಚ್ಚಿಡುತ್ತೇನೆ.

ಗುರಿ ತಪ್ಪುವ ವಿಷಯಕ್ಕೂ ಒಂದು ಮಾತು. ನ್ಯೂಯಾರ್ಕ್ ಪೊಲೀಸರ ಗುಂಡಿನ ಬಳಕೆಯ ಬಗ್ಗೆ ರ‍್ಯಾಂಡ್ ಸಂಸ್ಥೆ 2008ರಲ್ಲಿ ಕೊಟ್ಟ ವರದಿಯ ಪ್ರಕಾರ, 1998ರಿಂದ 2006ರವರೆಗೆ ಎದುರಿನವನೂ ಗುಂಡು ಹಾರಿಸುತ್ತಿದ್ದ ಪ್ರಸಂಗಗಳಲ್ಲಿ ಪೊಲೀಸರ ಸರಾಸರಿ ಗುರಿ ಶೇಕಡಾ 18. ಎದುರಿನವನು ಹಾರಿಸದಿದ್ದಾಗ 30. ತರಬೇತಿ ಪಡೆದವರ ಗತಿಯೇ ಇದು. ಗರ್ಪ್ಸ್‌ನಲ್ಲಿ ಕೌಶಲ 12 ಇರುವವನು ಗುರಿ ಹಿಡಿಯಲು ಸಮಯ ತೆಗೆದುಕೊಳ್ಳದೆ 20 ಗಜ ದೂರಕ್ಕೆ ಹೊಡೆದರೆ ಆರು ಅಂಕ ಕಳೆದು, ಮೂರು ದಾಳದಲ್ಲಿ ಆರು ಅಥವಾ ಕಡಿಮೆ ಬೀಳಿಸಬೇಕು. ಸಾಧ್ಯತೆ ಶೇಕಡಾ 9ರ ಸುಮಾರು. ಏಳು ಗಜಕ್ಕೆ ಬಂದರೆ 37. ಲೋಕದ ಅಂಕಿ ಈ ಎರಡರ ನಡುವೆ ಕೂರುತ್ತದೆ. ಹೊಸ ಆಟಗಾರರು ‘ನನ್ನ ಪಾತ್ರ ಇಷ್ಟು ದಡ್ಡನೇ?’ ಎಂದು ಗೊಣಗುತ್ತಾರೆ. ದಡ್ಡನಲ್ಲ, ಅವನಿಗೆ ಹೆದರಿಕೆಯಾಗಿದೆ. ಫೋರ್ಟಿಶ್ ಒಬ್ಬರೇ ಬರೆದ ‘ಗರ್ಪ್ಸ್ ಟ್ಯಾಕ್ಟಿಕಲ್ ಶೂಟಿಂಗ್’, 2011ರದ್ದು, ಬಹುಮಟ್ಟಿಗೆ ಇದರ ಮೇಲೇ ನಿಂತಿದೆ. ಬಂದೂಕಿನ ಪಟ್ಟಿ ಬದಿಗಿಟ್ಟು ಹಿಡಿದವನನ್ನು ನೋಡುತ್ತದೆ: ನಿಲುವು, ಕಣ್ಣು, ತರಬೇತಿ. ಇದೇ ಲೇಖಕರು ಕಾಲ್ ಆಫ್ ಕ್ತುಲ್ಹುವಿಗಾಗಿ ‘ಇನ್ವೆಸ್ಟಿಗೇಟರ್ ವೆಪನ್ಸ್’ ಬರೆದಾಗ ದನಿ ಬದಲಾಗುತ್ತದೆ. 1920, 30ರ ದಶಕದಲ್ಲಿ ಆ ಬಂದೂಕು ಯಾರ ಕೈಯಲ್ಲಿತ್ತು, ಎಲ್ಲಿ ಸಿಗುತ್ತಿತ್ತು ಎಂಬುದು ಮುಂದೆ ಬರುತ್ತದೆ. ಆ ವ್ಯವಸ್ಥೆಯ ದಾಳಗಳಿಗೆ ಸೂಕ್ಷ್ಮ ವ್ಯತ್ಯಾಸ ತಿಳಿಯುವುದಿಲ್ಲ ಎಂದು ಬಲ್ಲವರು ಹೀಗೆಯೇ ಬರೆಯಬೇಕು.

ಸದ್ದಿನ ವಿಷಯದಲ್ಲಿ ಮಾತ್ರ ಹೆಚ್ಚಿನವರು ಸಿನಿಮಾ ನೋಡಿಕೊಂಡೇ ಬರೆದಿದ್ದಾರೆ. ಗುಂಡಿನ ಸದ್ದು 160 ಡೆಸಿಬೆಲ್ ಆಸುಪಾಸು. ನಳಿಕೆಗೆ ಸಪ್ರೆಸರ್ (ಸದ್ದು ತಗ್ಗಿಸುವ ಕೊಳವೆ) ಹಾಕಿದರೆ ಅದರಲ್ಲಿ 20ರಿಂದ 35 ಇಳಿಯುತ್ತದೆ. ಉಳಿದದ್ದು ಪಕ್ಕದ ಕೋಣೆಗೆ ಧಾರಾಳವಾಗಿ ಕೇಳುತ್ತದೆ. ಮುಚ್ಚಿದ ಕೋಣೆಯಲ್ಲಿ ರೈಫಲ್ ಹಾರಿಸಿದ ಮೇಲೆ ಪಾತ್ರಗಳು ಪಿಸುಗುಟ್ಟಿ ಮಾತಾಡುವ ದೃಶ್ಯ ಎಷ್ಟು ಆಟಗಳಲ್ಲಿ ನಡೆದಿದೆಯೋ!

ಕ್ಯಾಲಿಬರ್‌ಗಳ (ಗುಂಡಿನ ವ್ಯಾಸಗಳ) ಯುದ್ಧವಂತೂ ಪುಸ್ತಕಗಳನ್ನು ಬೇಗ ಮುದಿಯಾಗಿಸುತ್ತದೆ. 1986ರ ಏಪ್ರಿಲ್‌ನಲ್ಲಿ ಮಯಾಮಿಯ ಗುಂಡಿನ ಕಾಳಗದಲ್ಲಿ ಇಬ್ಬರು ಎಫ್‌ಬಿಐ ಏಜೆಂಟರು ಸತ್ತರು. ಆಗ 9 ಮಿ.ಮೀ. ಸಾಲದು ಎಂಬ ಮಾತೆದ್ದು ಸಂಸ್ಥೆ 10 ಮಿ.ಮೀ.ಗೆ ಹೋಯಿತು, ಅದರ ಒದೆತ ತಾಳದೆ 1990ರಲ್ಲಿ ಹುಟ್ಟಿದ .40ಕ್ಕೆ ಇಳಿಯಿತು, ಎರಡು ದಶಕಗಳ ಮೇಲೆ, ಗುಂಡಿನ ತಯಾರಿಕೆ ಸುಧಾರಿಸಿದ್ದರಿಂದ, ಮತ್ತೆ 9 ಮಿ.ಮೀ.ಗೇ ಬಂತು. ತೊಂಬತ್ತರ ದಶಕದ ಪುಸ್ತಕಗಳು ಈ ಸುತ್ತಾಟದ ನಡುವೆ ಅಚ್ಚಾದವು. ಅಂದಿನ ವಾದ ಅವುಗಳ ಡ್ಯಾಮೇಜ್ ಅಂಕಣದಲ್ಲಿ ಇಂದಿಗೂ ಗೆಲ್ಲುತ್ತಲೇ ಇದೆ.

ಒಂದೇ ಪುಸ್ತಕ ಕೊಳ್ಳುವವರಿಗೆ ನಾನು ಹೈ-ಟೆಕ್ ಹೇಳುತ್ತೇನೆ, ಗರ್ಪ್ಸ್ ಆಡದಿದ್ದರೂ ಸರಿಯೇ. ಗೂಢಚಾರರ ಕಥೆ ಆಡಿಸುವವರು ಕ್ಯೂ ಮ್ಯಾನ್ಯುಅಲ್ ಹಳೆಯ ಪ್ರತಿ ಸಿಕ್ಕರೆ ಬಿಡಬಾರದು. ಕ್ಯಾಟಲಾಗುಗಳು ಚಿತ್ರದ ಆಸೆಗೆ ಮಾತ್ರ. ನಾನು ಈಗ ಆಡಿಸುವ ಕ್ರಮ ಇದು: ಡೆಲ್ಟಾ ಗ್ರೀನ್‌ನ ವರ್ಗಗಳನ್ನು ಹಾಗೇ ಇಟ್ಟುಕೊಂಡು, ಹೈ-ಟೆಕ್‌ನಿಂದ ತೂಕ, ಗುಂಡುಗಳ ಸಂಖ್ಯೆ, ಬಲ್ಕ್, ಕಾನೂನಿನ ದರ್ಜೆ ಇವಷ್ಟನ್ನು ಒಂದು ಹಾಳೆಗೆ ಬರೆದುಕೊಳ್ಳುತ್ತೇನೆ. ಜೊತೆಗೆ ‘ಸದ್ದು’ ಎಂದು ನನ್ನದೇ ಒಂದು ಅಂಕಣ. ಡ್ಯಾಮೇಜ್ ಅಂಕಣವನ್ನು ಅಲ್ಲಿಂದ ನಕಲು ಮಾಡುವುದಿಲ್ಲ. ಹಾಳೆ ಮುಂದಿಟ್ಟಾಗ ಆಟಗಾರರು ಇತ್ತೀಚೆಗೆ ಮೊದಲು ನೋಡುವುದು ಬಲ್ಕ್.